ಸ್ಕೀಮಾಜನ್ಯ ಕ್ರಮವಿಧಿಗಳಲ್ಲಿ ಐಚ್ಛಿಕ ಮೌಲ್ಯಗಳು: ಒಂದು ಚಾರಿತ್ರಿಕ ವಿವೇಚನೆ

ಪರೀಕ್ಷೆಯ ಅಂಕಪಟ್ಟಿಗಳನ್ನು ನೋಡಿ ಬಲ್ಲ ಅಧ್ಯಾಪಕರಿಗೆ ಸೊನ್ನೆಗೂ ಬರಿದಾದ ಮನೆಗೂ ಇರುವ ಅಂತರವನ್ನು ವಿವರಿಸಿ ಹೇಳಬೇಕಾದುದಿಲ್ಲ. ಉತ್ತರಪತ್ರಿಕೆಯನ್ನು ಬರೆದೂ ಒಂದಂಕವನ್ನೂ ಗಳಿಸದವನ ಹೆಸರಿನ ಮುಂದೆ ಸೊನ್ನೆ ಬೀಳುತ್ತದೆ. ಪರೀಕ್ಷೆಗೇ ಬಾರದವನ ಹೆಸರಿನ ಮುಂದೆ ಗೈರುಹಾಜರಿಯ ಗುರುತು ಬೀಳುತ್ತದೆ. ಆ ವಿಷಯವನ್ನೇ ಆರಿಸಿಕೊಳ್ಳದವನ ಮನೆಯಲ್ಲಿ ಒಂದು ಅಡ್ಡಗೆರೆ ಕಾಣುತ್ತದೆ. ಉತ್ತರಪತ್ರಿಕೆಯ ಮೌಲ್ಯಮಾಪನ ಇನ್ನೂ ಮುಗಿಯದಿದ್ದರೆ ಮನೆ ಬರಿದಾಗಿಯೇ ಉಳಿಯುತ್ತದೆ. ಈ ನಾಲ್ಕನ್ನೂ ಒಂದೇ ಸಮನೆ ಸೊನ್ನೆಯೆಂದು ಬರೆದಿಟ್ಟ ಗುಮಾಸ್ತನನ್ನು ಯಾವ ಪರೀಕ್ಷಾಮಂಡಲಿಯೂ ಕ್ಷಮಿಸಲಾರದು.

ಆದರೆ ಗಣಕಯಂತ್ರದ ಕ್ರಮವಿಧಿಗಳು ಬಹುಕಾಲ ಇದೇ ಕೆಲಸವನ್ನು ಮಾಡಿದುವು. ಕೆಲವು ಈಗಲೂ ಮಾಡುತ್ತಿವೆ. ಅದು ಕ್ರಮವಿಧಿಯನ್ನು ಬರೆದವನ ಅಜಾಗರೂಕತೆಯೆಂದು ಹೇಳಿ ಸುಮ್ಮನಾಗುವುದು ಸುಲಭ. ವಾಸ್ತವವಾಗಿ ಅದರ ಹಿಂದೆ ಅರುವತ್ತು ವರ್ಷಗಳಷ್ಟು ಹಳೆಯದಾದ ಒಂದು ಚರಿತ್ರೆಯಿದೆ. ಆ ಚರಿತ್ರೆಯ ಒಂದು ಭಾಗವನ್ನು, ಎಂದರೆ ಎಕ್ಸ್.ಎಂ.ಎಲ್. ಸ್ಕೀಮಾಗಳಿಂದ ತಾನಾಗಿ ಹುಟ್ಟಿಸಲಾಗುವ ಕ್ರಮವಿಧಿಗಳು ಐಚ್ಛಿಕ ಮೌಲ್ಯಗಳನ್ನು ನಡೆಸಿಕೊಂಡ ಬಗೆಯನ್ನು, ಪ್ರಕೃತ ಲೇಖನದಲ್ಲಿ ವಿಚಾರಿಸಲು ಉದ್ದೇಶಿಸಿದೆ. ಸ್ಕೀಮಾ ‘ಇಲ್ಲ’ವೆಂಬುದನ್ನು ಹಲವು ಬಗೆಯಲ್ಲಿ ಹೇಳಬಲ್ಲುದಾಗಿತ್ತು; ಅದನ್ನು ಕೇಳಿಸಿಕೊಳ್ಳಬೇಕಾದ ಭಾಷೆಗಳಿಗೆ ‘ಇಲ್ಲ’ವೆಂಬುದು ಒಂದೇ ಬಗೆಯಲ್ಲಿ ತಿಳಿಯುತ್ತಿತ್ತು, ಕೆಲವೆಡೆ ತಿಳಿಯುತ್ತಲೇ ಇರಲಿಲ್ಲ. ಮುಂದೆ ಬಂದ ತೊಡಕುಗಳೆಲ್ಲ ಈ ಅಸಮತೆಯಿಂದಲೇ ಹುಟ್ಟಿದುವೆಂಬುದು ನಮ್ಮ ಅಭಿಪ್ರಾಯ.

ಮೊದಲು ಪರಿಭಾಷೆಯನ್ನು ಕುರಿತು ಎರಡು ಮಾತು. ಎಕ್ಸ್.ಎಂ.ಎಲ್. ದಸ್ತಾವೇಜಿನಲ್ಲಿ ಪ್ರತಿಯೊಂದು ಮಾಹಿತಿಯೂ ಹೆಸರುಳ್ಳ ಒಂದು ಘಟಕದೊಳಗೆ ಇರುತ್ತದೆ. ಘಟಕಕ್ಕೆ ಗುಣಗಳೆಂಬ ಚಿಕ್ಕ ಉಪಾಂಗಗಳೂ ಇರಬಹುದು. ಸ್ಕೀಮಾ ಎಂಬುದು ಅಂಥ ದಸ್ತಾವೇಜಿನ ಶಾಸನ: ಯಾವ ಘಟಕ ಎಲ್ಲಿ ಬರಬೇಕು, ಎಷ್ಟು ಸಲ ಬರಬಹುದು, ಅದರೊಳಗಿನದು ಸಂಖ್ಯೆಯೋ ದಿನಾಂಕವೋ ಎಂಬುದನ್ನೆಲ್ಲ ಅದು ವಿಧಿಸುತ್ತದೆ. ಈ ಶಾಸನವನ್ನು ಓದಿ ಅದಕ್ಕೆ ಸರಿಹೊಂದುವ ಕ್ರಮವಿಧಿಯ ಅಂಗಗಳನ್ನು ತಾನೇ ಬರೆದುಕೊಡುವ ಉಪಕರಣಗಳನ್ನು ಇಲ್ಲಿ ಜನಕೋಪಕರಣಗಳೆಂದು ಕರೆದಿದ್ದೇವೆ. ಇವುಗಳಿಂದಾಗಿ ಕ್ರಮವಿಧಿಕಾರನು ದಸ್ತಾವೇಜಿನ ಅಕ್ಷರಗಳನ್ನು ಎಣಿಸುವ ಕಷ್ಟದಿಂದ ಪಾರಾಗಿ, ‘ವಿದ್ಯಾರ್ಥಿ’, ‘ಅಂಕ’ ಎಂಬ ಹೆಸರುಗಳ ಮೂಲಕವೇ ವ್ಯವಹರಿಸಬಹುದಾಯಿತು. ಸೌಕರ್ಯ ದೊಡ್ಡದು, ಅದಕ್ಕೆ ತೆತ್ತ ಬೆಲೆಯನ್ನು ಮುಂದೆ ಕಾಣುವೆವು.

ಚರಿತ್ರೆಯ ಮೊದಲ ಎಳೆ 1965ಕ್ಕೆ ಸೇರಿದುದು. ಕೊಲಂಬೋ ನಗರದಲ್ಲಿ 1934ರಲ್ಲಿ ಜನಿಸಿದ ಇಂಗ್ಲೆಂಡಿನ ವಿದ್ವಾಂಸ ಟೋನಿ ಹೋರ್, ನಿಕ್ಲಾಸ್ ವಿರ್ತ್ ಅವರೊಡನೆ ಆಲ್ಗಾಲ್ ಡಬ್ಲ್ಯು ಭಾಷೆಯನ್ನು ರೂಪಿಸುತ್ತಿದ್ದಾಗ, ಒಂದು ದಾಖಲೆಯನ್ನು ಬೆಟ್ಟು ಮಾಡಿ ತೋರಿಸುವ ಸೂಚಿಯು ಯಾವುದನ್ನೂ ತೋರಿಸದೆ ಇರಲಿಕ್ಕೂ ಅವಕಾಶ ಕೊಟ್ಟರು. ಅದಕ್ಕೆ ‘ನಲ್’ ಎಂದು ಹೆಸರು. ಅದನ್ನು ಅಳವಡಿಸುವುದು ತೀರ ಸುಲಭವಾಗಿದ್ದುದರಿಂದ ಆಸೆಯನ್ನು ತಡೆಯಲಾಗಲಿಲ್ಲವೆಂದೂ, ಅದು ತನ್ನ ನೂರು ಕೋಟಿ ಡಾಲರಿನ ತಪ್ಪೆಂದೂ ಅವರು 2009ರಲ್ಲಿ ಲಂಡನ್ನಿನ ಸಮ್ಮೇಳನವೊಂದರಲ್ಲಿ ಹೇಳಿದುದು ಪ್ರಸಿದ್ಧವಾಗಿದೆ. ನಮ್ಮ ಪ್ರಕೃತಕ್ಕೆ ಬೇಕಾದ ಅಂಶ ಬೇರೊಂದು. ಈ ನಲ್ ಸೂಚಿಗಳಿಗೆ ಮಾತ್ರ ದೊರೆತ ಸೌಲಭ್ಯ, ಸಂಖ್ಯೆಗಳಿಗೆ ದೊರೆಯಲಿಲ್ಲ. 32 ಬಿಟ್ಟುಗಳ ಒಂದು ಪೂರ್ಣಾಂಕದಲ್ಲಿ 429,49,67,296 ವಿನ್ಯಾಸಗಳು ಸಾಧ್ಯ. ಅಷ್ಟೂ ಯಾವುದೋ ಒಂದು ಸಂಖ್ಯೆಯನ್ನು ಸೂಚಿಸಲು ವಿನಿಯೋಗವಾಗಿವೆ. ‘ಸಂಖ್ಯೆಯೇ ಇಲ್ಲ’ ಎಂದು ಹೇಳಲು ಒಂದು ವಿನ್ಯಾಸವೂ ಮಿಕ್ಕಿಲ್ಲ. ಜಾವಾ ಭಾಷೆಯೂ ಸಿ ಶಾರ್ಪ್ ಭಾಷೆಯೂ ಈ ವ್ಯವಸ್ಥೆಯನ್ನು ಹಾಗೆಯೇ ಪಿತ್ರಾರ್ಜಿತವಾಗಿ ಪಡೆದುವು: ಅಕ್ಷರಮಾಲೆ ಇಲ್ಲದೆ ಇರಬಹುದು, ಸಂಖ್ಯೆ ಇಲ್ಲದೆ ಇರಲಾಗದು.

ಎರಡನೆಯ ಎಳೆ ದತ್ತಾಂಶಕೋಶಗಳದು. ಸಂಬಂಧಾತ್ಮಕ ಪದ್ಧತಿಯನ್ನು 1970ರಲ್ಲಿ ಮಂಡಿಸಿದ ಇ. ಎಫ್. ಕಾಡ್, 1979ರ ಪ್ರಬಂಧದಲ್ಲಿ ತಿಳಿಯದ ಮೌಲ್ಯಕ್ಕೆ ನಲ್ ಎಂಬ ಗುರುತನ್ನೂ, ಅದರೊಡನೆ ನಿಜ, ಸುಳ್ಳು, ಅಜ್ಞಾತ ಎಂಬ ಮೂರು ಪದಗಳ ತರ್ಕವನ್ನೂ ಪ್ರತಿಪಾದಿಸಿದರು. ಹೋರ್ ಅವರ ನಲ್‌ಗೂ ಕಾಡ್ ಅವರ ನಲ್‌ಗೂ ಹೆಸರು ಒಂದೇ ಆದರೂ ಅರ್ಥ ಬೇರೆ. ಮೊದಲನೆಯದು ‘ಇಲ್ಲಿ ಏನೂ ಇಲ್ಲ’ ಎನ್ನುತ್ತದೆ. ಎರಡನೆಯದು ‘ಇಲ್ಲಿ ಏನೋ ಇದೆ, ಅದು ತಿಳಿಯದು’ ಎನ್ನುತ್ತದೆ. ಅಮೆರಿಕದ ಮಾನಕ ಸಂಸ್ಥೆಯ ಸಮಿತಿಯೊಂದು 1975ರ ವರದಿಯಲ್ಲಿ ಇಂಥ ಶೂನ್ಯತೆಗಳ 14 ಬಗೆಗಳನ್ನು ಎಣಿಸಿತ್ತು. ಕಾಡ್ ಕೂಡ 1986ರಲ್ಲಿ ತಮ್ಮ ಒಂದು ನಲ್ಲನ್ನು ಎರಡಾಗಿ ಸೀಳಿ, ಅನ್ವಯಿಸುವುದಾದರೂ ತಿಳಿಯದಿರುವುದು ಒಂದು, ಅನ್ವಯಿಸದೆ ಇರುವುದು ಮತ್ತೊಂದು ಎಂದು ಬೇರ್ಪಡಿಸಿದರು. ಅಂಕಪಟ್ಟಿಯ ಭಾಷೆಯಲ್ಲಿ ಹೇಳುವುದಾದರೆ, ಮೌಲ್ಯಮಾಪನವಾಗದ ಪತ್ರಿಕೆ ಮೊದಲನೆಯ ಬಗೆ. ಆರಿಸಿಕೊಳ್ಳದ ವಿಷಯ ಎರಡನೆಯ ಬಗೆ. ಎಸ್.ಕ್ಯು.ಎಲ್. ಮಾನಕವು ಈ ಭೇದವನ್ನು ಸ್ವೀಕರಿಸದೆ ಒಂದೇ ನಲ್ಲಿನಿಂದ ತೃಪ್ತವಾಯಿತು. ಕಾಡ್ ಅವರ ಸಹೋದ್ಯೋಗಿಯಾಗಿದ್ದ ಸಿ. ಜೆ. ಡೇಟ್, ನಲ್ಲೆಂಬುದೇ ಕೂಡದೆಂದು ವಾದಿಸಿದರು; ಅವರ ವಾದ ಪುಸ್ತಕಗಳಲ್ಲಿ ಗೆದ್ದು ವ್ಯವಹಾರದಲ್ಲಿ ಸೋತಿತೆನ್ನಬಹುದು.

ಮೂರನೆಯ ಎಳೆ ಇವೆರಡಕ್ಕೂ ದೂರದ್ದು. ಐ.ಬಿ.ಎಂ. ಸಂಸ್ಥೆಯಲ್ಲಿ ಚಾರ್ಲ್ಸ್ ಗೋಲ್ಡ್‌ಫಾರ್ಬ್ ಮೊದಲಾದವರು 1969ರಿಂದ ಬೆಳೆಸಿದ ಗ್ರಂಥಾಂಕನದ ಪದ್ಧತಿಯು 1986ರಲ್ಲಿ ಎಸ್.ಜಿ.ಎಂ.ಎಲ್. ಎಂಬ ಅಂತಾರಾಷ್ಟ್ರೀಯ ಮಾನಕವಾಯಿತು. ಇದು ಗ್ರಂಥಗಳನ್ನೂ ಕೈಪಿಡಿಗಳನ್ನೂ ಸಿದ್ಧಗೊಳಿಸುವವರ ಲೋಕ. ಇಲ್ಲಿ ಘಟಕದ ಹೆಸರಿನ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನು ಹಾಕಿದರೆ ಅದು ಇರಬಹುದು ಇಲ್ಲದಿರಬಹುದು ಎಂದರ್ಥ. ಗ್ರಂಥಕ್ಕೆ ಮುನ್ನುಡಿ ಇರಬಹುದು. ಇಲ್ಲದಿದ್ದರೆ ಮುದ್ರಕನು ಮುಂದಿನ ಪುಟಕ್ಕೆ ಹೋಗುತ್ತಾನೆ. ಮುನ್ನುಡಿ ಯಾಕಿಲ್ಲ, ಕಳೆದುಹೋಯಿತೇ, ಬರೆಯಲೇ ಇಲ್ಲವೇ ಎಂದು ಅವನು ಕೇಳುವುದಿಲ್ಲ. ಗುಣಗಳ ವಿಷಯದಲ್ಲಿ ಆ ಮಾನಕದವರು ಬಳಸಿದ ಪದ ಅರ್ಥಗರ್ಭಿತವಾದುದು: ಕೊಡದೆ ಬಿಟ್ಟ ಗುಣವನ್ನು ಅವರು ‘ಇಂಪ್ಲೈಡ್’ ಎಂದು, ಎಂದರೆ ಊಹ್ಯವೆಂದು ಕರೆದರು. ಏನನ್ನು ಊಹಿಸಬೇಕೆಂಬುದು ಓದುವ ಕ್ರಮವಿಧಿಗೆ ಬಿಟ್ಟ ವಿಚಾರ. ಈ ಉದಾರನೀತಿ ಗ್ರಂಥಗಳಿಗೆ ತಕ್ಕುದಾಗಿತ್ತು. ಬ್ಯಾಂಕಿನ ಲೆಕ್ಕಕ್ಕೂ ಆಸ್ಪತ್ರೆಯ ದಾಖಲೆಗೂ ಅದನ್ನು ಯಥಾವತ್ತಾಗಿ ಹಚ್ಚಬಹುದೇ ಎಂಬ ಪ್ರಶ್ನೆ ಆಗ ಏಳಲಿಲ್ಲ.

ಎಸ್.ಜಿ.ಎಂ.ಎಲ್. ಅನ್ನು ಸರಳಗೊಳಿಸಿ 1998ರ ಫೆಬ್ರುವರಿ 10ರಂದು ಎಕ್ಸ್.ಎಂ.ಎಲ್. ಪ್ರಕಟವಾಯಿತು, ಪ್ರಶ್ನಾರ್ಥಕ ಚಿಹ್ನೆಯೂ ಊಹ್ಯಗುಣವೂ ಹಾಗೆಯೇ ಉಳಿದುವು. ಆದರೆ ಅದನ್ನು ಕೈಗೆತ್ತಿಕೊಂಡವರಲ್ಲಿ ಗ್ರಂಥಕರ್ಮಿಗಳಿಗಿಂತ ವ್ಯಾಪಾರಸಂಸ್ಥೆಗಳವರೂ ದತ್ತಾಂಶಕೋಶಗಳವರೂ ಹೆಚ್ಚಾದರು. ಅವರ ಅಗತ್ಯಗಳಿಗಾಗಿ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ 2001ರ ಮೇ 2ರಂದು ಎಕ್ಸ್.ಎಂ.ಎಲ್. ಸ್ಕೀಮಾ ಎಂಬ ಮಾನಕವನ್ನು ಹೊರಡಿಸಿತು. ಅದರ ಸಂಪಾದಕರ ಪಟ್ಟಿಯೇ ಒಂದು ಚಾರಿತ್ರಿಕ ಆಧಾರ. ರಚನೆಯ ಭಾಗಕ್ಕೆ ಎಡಿನ್‌ಬರೋ ವಿಶ್ವವಿದ್ಯಾನಿಲಯದ ಹೆನ್ರಿ ಥಾಮ್ಸನ್, ದತ್ತಾಂಶಕೋಶಗಳ ಒರಾಕಲ್ ಸಂಸ್ಥೆಯ ಡೇವಿಡ್ ಬೀಚ್, ವಾಣಿಜ್ಯಸಂಸ್ಥೆಯೊಂದರ ಪರವಾಗಿ ಮರ್ರೆ ಮಲೋನಿ, ಲೋಟಸ್ ಸಂಸ್ಥೆಯ ನೋವಾ ಮೆಂಡೆಲ್‌ಸನ್. ದತ್ತಪ್ರಕಾರಗಳ ಭಾಗಕ್ಕೆ ಆಸ್ಪತ್ರೆಗಳ ಕೈಸರ್ ಪರ್ಮನೆಂಟೆ ಸಂಸ್ಥೆಯಿಂದ ಪಾಲ್ ಬೈರನ್, ಐ.ಬಿ.ಎಂ. ಬಿಟ್ಟು ಮೈಕ್ರೋಸಾಫ್ಟ್ ಸೇರಿದ್ದ ಅಶೋಕ್ ಮಲ್ಹೋತ್ರಾ. ಇಷ್ಟು ಭಿನ್ನವಾದ ಮನೆತನಗಳು ಒಂದೇ ಪಂಕ್ತಿಯಲ್ಲಿ ಕುಳಿತಾಗ, ಒಬ್ಬೊಬ್ಬರ ‘ಇಲ್ಲ’ವೂ ಎಲೆಯ ಮೇಲೆ ಬಂದುದು ಆಶ್ಚರ್ಯವಲ್ಲ.

ಹೀಗೆ ಬಂದುವುಗಳನ್ನು ಸ್ವಲ್ಪ ವಿವರವಾಗಿ ನೋಡಬೇಕು. ಗ್ರಂಥಲೋಕದ ಪ್ರಶ್ನಾರ್ಥಕ ಚಿಹ್ನೆ ‘ಮಿನ್‌ಅಕರ್ಸ್’ ಎಂಬ ಕನಿಷ್ಠಸಂಖ್ಯೆಯಾಗಿ ಮಾರ್ಪಟ್ಟಿತು: ಅದು ಸೊನ್ನೆಯಾದರೆ ಘಟಕವನ್ನು ಪೂರ್ತಿಯಾಗಿ ಬಿಡಬಹುದು. ಏನನ್ನೂ ಹೇಳದಿದ್ದರೆ ಘಟಕ ಕಡ್ಡಾಯ. ಏನನ್ನೂ ಹೇಳದಿದ್ದರೆ ಗುಣ ಐಚ್ಛಿಕ. ಈ ವಿಪರ್ಯಯವನ್ನು ಕಲಿಯುವವರು ಎಡವದೆ ಮುಂದೆ ಹೋಗುವುದು ವಿರಳ. ದತ್ತಾಂಶಕೋಶದ ನಲ್ಲಿಗೆ ಪ್ರತಿಯಾಗಿ ‘ನಿಲ್’ ಎಂಬುದು ಬಂದಿತು. ಸ್ಕೀಮಾ ಅನುಮತಿಸಿದ್ದರೆ ಘಟಕವನ್ನು ಬರೆದು, ಅದರ ಮೇಲೆ ನಿಲ್ ನಿಜವೆಂದು ಗುರುತು ಹಾಕಿ, ಒಳಗೆ ಬರಿದಾಗಿ ಬಿಡಬಹುದು. (ಲ್ಯಾಟಿನ್ ಮೂಲದ ಈ ನಿಲ್ಲಿಗೂ ನಮ್ಮ ‘ನಿಲ್’ ಧಾತುವಿಗೂ ಸಂಬಂಧವಿಲ್ಲ, ಆದರೂ ಮೌಲ್ಯವಿಲ್ಲದೆ ಸ್ಥಾನದಲ್ಲಿ ನಿಂತಿರುವ ಘಟಕಕ್ಕೆ ಈ ಹೆಸರು ಕನ್ನಡದ ಕಿವಿಗೆ ಒಪ್ಪುವಂತಿದೆ.) ಇವೆರಡರ ಜೊತೆಗೆ, ನಿಲ್ ಎಂಬ ಗುರುತಿಲ್ಲದೆ ಸುಮ್ಮನೆ ಬರಿದಾಗಿರುವ ಘಟಕವೊಂದಿದೆ. ಅಕ್ಷರಮಾಲೆಯಾದರೆ ಅದು ಶೂನ್ಯದೈರ್ಘ್ಯದ ಮಾಲೆ, ಸಕ್ರಮವಾದುದು, ಸಂಖ್ಯೆಯಾದರೆ ಅಕ್ರಮ. ಕೊನೆಯದಾಗಿ ಡೀಫಾಲ್ಟ್ ಎಂಬ ಪೂರ್ವನಿಯತ ಮೌಲ್ಯದ ವಿಧಿ: ಗುಣವು ಇಲ್ಲದಿದ್ದರೆ ಆ ಮೌಲ್ಯ ಬಂದು ಕೂಡುತ್ತದೆ, ಘಟಕದ ವಿಷಯದಲ್ಲಾದರೋ, ಘಟಕವಿದ್ದು ಬರಿದಾಗಿದ್ದರೆ ಮಾತ್ರ ಕೂಡುತ್ತದೆ, ಘಟಕವೇ ಇಲ್ಲದಿದ್ದರೆ ಕೂಡುವುದಿಲ್ಲ.

ನ್ಯಾಯ-ವೈಶೇಷಿಕರು ಅಭಾವವನ್ನೂ ಒಂದು ಪದಾರ್ಥವೆಂದು ಗಣಿಸಿ ಪ್ರಾಗಭಾವ, ಪ್ರಧ್ವಂಸಾಭಾವ, ಅತ್ಯಂತಾಭಾವ, ಅನ್ಯೋನ್ಯಾಭಾವ ಎಂದು ವಿಂಗಡಿಸಿದುದು ಇಲ್ಲಿ ನೆನಪಿಗೆ ಬರಬಹುದು. ಸಾಮ್ಯವನ್ನು ಹೆಚ್ಚು ದೂರ ಎಳೆಯುವುದು ಸಲ್ಲದು. ಸ್ಕೀಮಾದ ಕರ್ತೃಗಳು ತರ್ಕಸಂಗ್ರಹವನ್ನು ಓದಿರಲಿಲ್ಲ. ಆದರೆ ಒಂದು ಅಂಶ ಗ್ರಾಹ್ಯ. ಅಭಾವವೆಂಬುದು ಸದಾ ಇಂಥ ಸ್ಥಳದಲ್ಲಿ ಇಂಥ ವಸ್ತುವಿನ ಅಭಾವ. ನೆಲದ ಮೇಲೆ ಗಡಿಗೆಯಿಲ್ಲವೆನ್ನಲು ನೆಲವೂ ಬೇಕು, ಗಡಿಗೆಯ ಕಲ್ಪನೆಯೂ ಬೇಕು. ದಸ್ತಾವೇಜನ್ನು ಮಾತ್ರ ಓದಿದವನಿಗೆ ಅದರಲ್ಲಿ ಏನಿಲ್ಲವೆಂಬುದು ಕಾಣದು. ಸ್ಕೀಮಾವನ್ನು ಪಕ್ಕದಲ್ಲಿಟ್ಟುಕೊಂಡವನಿಗೆ ಮಾತ್ರ ಇಲ್ಲದುದು ಕಾಣುತ್ತದೆ. ಆದುದರಿಂದ ಸ್ಕೀಮಾವನ್ನು ಓದಿಯೇ ಹುಟ್ಟುವ ಕ್ರಮವಿಧಿಯ ಮೇಲೆ ಈ ಅಭಾವವನ್ನು ಕಾಪಾಡುವ ಹೊಣೆ ಬೀಳುತ್ತದೆ.

ಈ ಹೊಣೆಯನ್ನು ಸರಿಯಾಗಿ ಹೊತ್ತ ಮೊದಲಿಗರಲ್ಲಿ ಒಬ್ಬರನ್ನು ಕಾಣಲು ಸ್ಕೀಮಾ ಮಾನಕಕ್ಕಿಂತ ಎರಡು ವರ್ಷ ಹಿಂದಕ್ಕೆ ಹೋಗಬೇಕು. ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾನಿಲಯದ ಮಾಲ್ಕಮ್ ವ್ಯಾಲೇಸ್, ಕಾಲಿನ್ ರಂಸಿಮನ್ ಇಬ್ಬರು 1999ರಲ್ಲಿ, ಎಕ್ಸ್.ಎಂ.ಎಲ್. ನಿರೂಪಣೆಯಿಂದ ಹ್ಯಾಸ್ಕೆಲ್ ಭಾಷೆಯ ದತ್ತಪ್ರಕಾರಗಳನ್ನು ಹುಟ್ಟಿಸುವ ವಿಧಾನವನ್ನು ಪ್ರಕಟಿಸಿದರು. ಆ ಭಾಷೆಯಲ್ಲಿ ‘ಮೇಬಿ’ ಎಂಬ ಪ್ರಕಾರವಿದೆ: ಮೌಲ್ಯ ಇದೆ ಅಥವಾ ಇಲ್ಲ ಎಂಬ ಎರಡು ಪಕ್ಷಗಳಲ್ಲಿ ಒಂದನ್ನು ಹೇಳಲೇಬೇಕು, ಬಳಸುವವನು ಎರಡು ಪಕ್ಷಗಳಿಗೂ ಉತ್ತರ ಕೊಡದೆ ಒಳಗಿನ ಮೌಲ್ಯವನ್ನು ಮುಟ್ಟುವುದು ಕಷ್ಟ. ಪ್ರಶ್ನಾರ್ಥಕ ಚಿಹ್ನೆಯುಳ್ಳ ಘಟಕಗಳೆಲ್ಲ ಮೇಬಿಗಳಾದುವು. ಅವರ ಉಪಕರಣದಲ್ಲಿ ಪೂರ್ವನಿಯತ ಮೌಲ್ಯಕ್ಕೆಂದು ಬೇರೊಂದು ಪ್ರಕಾರವೂ ಉಂಟು. ಬಂದ ಮೌಲ್ಯವು ದಸ್ತಾವೇಜಿನಲ್ಲಿ ಬರೆದುದೋ ನಿಯಮದಿಂದ ಕೂಡಿದುದೋ ಎಂಬುದನ್ನು ಅದು ನೆನಪಿಡುತ್ತದೆ. ಮುಂದಿನ ಹತ್ತು ವರ್ಷ ವಾಣಿಜ್ಯಲೋಕ ಪಟ್ಟ ಪಾಡಿಗೆ ಪರಿಹಾರ ಹೀಗೆ ಮೊದಲೇ ಸಿದ್ಧವಾಗಿತ್ತು. ಆದರೆ ವಾಣಿಜ್ಯಲೋಕ ಹ್ಯಾಸ್ಕೆಲ್ಲನ್ನು ಓದುತ್ತಿರಲಿಲ್ಲ.

ಅದು ಓದುತ್ತಿದ್ದುದು ಜಾವಾ ಮತ್ತು ಸಿ ಶಾರ್ಪ್. ಮೈಕ್ರೋಸಾಫ್ಟ್ ಸಂಸ್ಥೆ 2002ರಲ್ಲಿ ಡಾಟ್‌ನೆಟ್ ಎಂಬ ವ್ಯವಸ್ಥೆಯನ್ನು ಹೊರತಂದಾಗ ಅದರೊಡನೆ ಎಕ್ಸ್.ಎಸ್.ಡಿ. ಎಂಬ ಜನಕೋಪಕರಣವೂ ಬಂದಿತು. ಐಚ್ಛಿಕವಾದ ಪೂರ್ಣಾಂಕ ಎದುರಾದಾಗ ಅದು ಕಂಡುಕೊಂಡ ಉಪಾಯ ಇದು: ‘ಅಂಕ’ ಎಂಬ ಚರದ ಪಕ್ಕದಲ್ಲಿ ‘ಅಂಕಸ್ಪೆಸಿಫೈಡ್’ ಎಂಬ ಹೆಸರಿನ, ಹೌದು ಅಥವಾ ಅಲ್ಲ ಎನ್ನುವ, ಇನ್ನೊಂದು ಚರವನ್ನು ಸೃಷ್ಟಿಸುವುದು. ದಸ್ತಾವೇಜನ್ನು ಓದುವಾಗ ಅಂಕವಿದ್ದರೆ ಎರಡನೆಯದು ಹೌದೆಂದಾಗುತ್ತದೆ. ಬರೆಯುವಾಗ ಎರಡನೆಯದು ಹೌದೆಂದಿದ್ದರೆ ಮಾತ್ರ ಅಂಕ ಬರೆಯಲ್ಪಡುತ್ತದೆ. ಮಾಹಿತಿಯ ದೃಷ್ಟಿಯಿಂದ ಇದರಲ್ಲಿ ಲೋಪವಿಲ್ಲ. 32 ಬಿಟ್ಟುಗಳಲ್ಲಿ ಹಿಡಿಸದುದನ್ನು 33ನೆಯದರಲ್ಲಿ ಇರಿಸಿದಂತಾಯಿತು. ಲೋಪವಿರುವುದು ಮನುಷ್ಯನ ಅಭ್ಯಾಸದಲ್ಲಿ. ಅಂಕಕ್ಕೆ 72 ಎಂದು ಬರೆದ ಕ್ರಮವಿಧಿಕಾರ ಪಕ್ಕದ ಚರವನ್ನು ಹೌದೆಂದು ಮಾಡಲು ಮರೆತರೆ, ಯಾವ ದೋಷಸೂಚನೆಯೂ ಇಲ್ಲದೆ 72 ದಸ್ತಾವೇಜಿನಿಂದ ಮಾಯವಾಗುತ್ತದೆ. ಘಟಕ ಐಚ್ಛಿಕವಾದುದರಿಂದ ಅದಿಲ್ಲದ ದಸ್ತಾವೇಜೂ ಸಕ್ರಮವೇ. ಸ್ಕೀಮಾಪರೀಕ್ಷೆ ಅದನ್ನು ಹಿಡಿಯಲಾರದು. ಓದುವ ಕಡೆಯಲ್ಲಿ ಪಕ್ಕದ ಚರವನ್ನು ನೋಡದವನಿಗೆ ಇಲ್ಲದ ಅಂಕ ಸೊನ್ನೆಯಾಗಿ ಕಾಣುತ್ತದೆ. ಗಟ್ಟಿಯಾಗಿ ಮುರಿಯುವ ಉಪಕರಣಕ್ಕಿಂತ ಹೀಗೆ ಮೌನವಾಗಿ ತಪ್ಪುವ ಉಪಕರಣ ಹೆಚ್ಚು ಅಪಾಯಕರ.

ಪೂರ್ವನಿಯತ ಮೌಲ್ಯದಲ್ಲಿ ಇದೇ ಉಪಕರಣದ ನಡತೆ ಮತ್ತೂ ವಿಚಿತ್ರ. ಐಚ್ಛಿಕ ಘಟಕಕ್ಕೆ ಸ್ಕೀಮಾ 100 ಎಂಬ ಪೂರ್ವನಿಯತ ಮೌಲ್ಯವನ್ನು ಕೊಟ್ಟಿದ್ದರೆ, ಘಟಕವೇ ಇಲ್ಲದಾಗಲೂ ಹುಟ್ಟಿದ ವಸ್ತುವಿನಲ್ಲಿ 100 ಕೂಡಿರುತ್ತದೆ. ಮಾನಕ ಹಾಗೆ ಹೇಳುವುದಿಲ್ಲವೆಂಬುದನ್ನು ಮೇಲೆ ಕಂಡೆವು. ಬರೆಯುವಾಗ ಮೌಲ್ಯ 100ಕ್ಕೆ ಸಮವಾಗಿದ್ದರೆ ಘಟಕ ಬಿಟ್ಟುಹೋಗುತ್ತದೆ. ಕಳುಹಿಸಿದವನು ಬೇಕೆಂದೇ 100 ಎಂದು ಬರೆದಿದ್ದರೂ, ಓದಿ ಮತ್ತೆ ಬರೆದ ಪ್ರತಿಯಲ್ಲಿ ಆ ಮಾತು ಇರುವುದಿಲ್ಲ.

ಸಂಖ್ಯೆಗಳಿಗೂ ‘ಇಲ್ಲ’ವೆನ್ನುವ ಶಕ್ತಿ ಸಿ ಶಾರ್ಪ್ ಭಾಷೆಗೆ 2005ರಲ್ಲಿ ಬಂದಿತು, ದತ್ತಪ್ರಕಾರದ ಮುಂದೆ ಪ್ರಶ್ನಾರ್ಥಕ ಚಿಹ್ನೆಯನ್ನೇ ಇಡುವ ಪದ್ಧತಿ, ಗ್ರಂಥಲೋಕದ ಹಳೆಯ ಚಿಹ್ನೆ ಬೇರೆ ದಾರಿಯಿಂದ ಮರಳಿ ಬಂದಂತೆ. ಇನ್ನು ಪಕ್ಕದ ಚರದ ಗೋಜು ತೀರಿತೆಂದು ಭಾವಿಸುವುದು ಸಹಜ. ಹಾಗಾಗಲಿಲ್ಲ. ಡಾಟ್‌ನೆಟ್ಟಿನ ಲೇಖನಯಂತ್ರವು ಈ ಹೊಸ ಶೂನ್ಯವನ್ನು ದತ್ತಾಂಶಕೋಶದ ಅರ್ಥದಲ್ಲಿ ತೆಗೆದುಕೊಂಡು, ಘಟಕವನ್ನು ಬಿಡುವುದಕ್ಕೆ ಬದಲಾಗಿ ನಿಲ್ ಗುರುತಿನೊಡನೆ ಬರೆಯತೊಡಗಿತು. ಆದಕಾರಣ ಎಕ್ಸ್.ಎಸ್.ಡಿ. ಉಪಕರಣವು ನಿಲ್ ಅನುಮತಿಯುಳ್ಳ ಘಟಕಗಳಿಗೆ ಮಾತ್ರ ಹೊಸ ಪ್ರಕಾರವನ್ನು ಬಳಸಿ, ಕೇವಲ ಐಚ್ಛಿಕವಾದುವುಗಳಿಗೆ ಹಳೆಯ ಜೋಡಿಚರವನ್ನೇ ಉಳಿಸಿಕೊಂಡಿತು. ಹೊಸಬರು ಇದನ್ನು ಸೋಮಾರಿತನವೆಂದು ದೂರುವುದುಂಟು. ಎರಡು ಅಭಾವಗಳನ್ನು ಒಂದಾಗಿ ಕಲಸದೆ ಇರುವ ಎಚ್ಚರ ಅದರಲ್ಲಿದೆಯೆಂದು ನಾವು ತಿಳಿಯುತ್ತೇವೆ.

ಈ ಎಚ್ಚರಕ್ಕೆ ಕಾರಣವುಂಟು. ಎರಡು ಸಂಸ್ಥೆಗಳ ನಡುವೆ ತಿದ್ದುಪಡಿಯ ಸಂದೇಶಗಳು ಹೋಗುವಾಗ, ಘಟಕವಿಲ್ಲದಿದ್ದರೆ ‘ಅದರ ಗೊಡವೆಗೆ ಹೋಗಬೇಡ’ ಎಂದೂ, ನಿಲ್ ಆಗಿ ಬಂದರೆ ‘ಇರುವುದನ್ನು ಅಳಿಸು’ ಎಂದೂ ಅರ್ಥಮಾಡಿಕೊಳ್ಳುವ ಒಪ್ಪಂದ ಹಲವೆಡೆ ಇದೆ. ಕ್ರಮವಿಧಿಗೆ ಈ ಎರಡರ ಭೇದ ತಿಳಿಯದಿದ್ದರೆ, ವಿಳಾಸವನ್ನು ಮಾತ್ರ ತಿದ್ದಲು ಹೊರಟ ಸಂದೇಶ ಅಂಕಗಳನ್ನೆಲ್ಲ ಅಳಿಸಿಬಿಡಬಹುದು. ಅಥವಾ ಅಳಿಸಬೇಕೆಂದರೂ ಅಳಿಸಲು ಬಾರದಂತೆ ಆಗಬಹುದು.

ಜಾವಾ ಲೋಕದಲ್ಲಿ ಇದೇ ಕಥೆ ಬೇರೆ ಕ್ರಮದಲ್ಲಿ ನಡೆಯಿತು. ಅಲ್ಲಿಯ ಅಧಿಕೃತ ಪದ್ಧತಿಯಾದ ಜೆ.ಎ.ಎಕ್ಸ್.ಬಿ.ಯ ಮೊದಲ ಆವೃತ್ತಿ 2003ರದು. ಅದರಲ್ಲಿ ಐಚ್ಛಿಕವಾದ ಕಿರಿಯ ಪೂರ್ಣಾಂಕವು ಬರಿಯ ಸಂಖ್ಯೆಯಾಗಿ ಹುಟ್ಟುತ್ತಿತ್ತು, ಇಲ್ಲದಿದ್ದರೆ ಸೊನ್ನೆ. ಇದೆಯೇ ಇಲ್ಲವೇ ಎಂದು ಕೇಳುವ ವಿಧಾನ ಬೇಕಾದವರು ಅದನ್ನು ಬೇರೆಯಾಗಿ ಕೇಳಿ ಪಡೆಯಬೇಕಾಗಿತ್ತು. ಆದರೆ ಸ್ಕೀಮಾಕಾರನು 32 ಬಿಟ್ಟುಗಳ ಪೂರ್ಣಾಂಕಕ್ಕೆ ಬದಲಾಗಿ ಮಿತಿಯಿಲ್ಲದ ಪೂರ್ಣಾಂಕವೆಂದು ಬರೆದಿದ್ದರೆ, ಅದು ಜಾವಾದಲ್ಲಿ ಸೂಚಿಯ ಮೂಲಕ ಹಿಡಿಯುವ ವಸ್ತುವಾಗಿ, ನಲ್ ತಾನಾಗಿ ಲಭ್ಯವಾಗುತ್ತಿತ್ತು. ಅಂಕ ಎಷ್ಟು ದೊಡ್ಡದಾಗಬಹುದೆಂಬ ನಿರ್ಧಾರವು ಗೈರುಹಾಜರಾದವನು ಕಾಣುತ್ತಾನೋ ಇಲ್ಲವೋ ಎಂಬುದನ್ನು ನಿಶ್ಚಯಿಸಿತು! 2006ರ ಎರಡನೆಯ ಆವೃತ್ತಿ ಈ ಅಪಹಾಸ್ಯವನ್ನು ನಿವಾರಿಸಿ, ಐಚ್ಛಿಕ ಸಂಖ್ಯೆಗಳನ್ನೆಲ್ಲ ವಸ್ತುವಿನ ಕವಚದಲ್ಲಿಟ್ಟು ನಲ್ಲಿಗೆ ಅವಕಾಶ ಮಾಡಿತು. ಹಳೆಯ ನಡತೆ ಬೇಕೆನ್ನುವವರಿಗೆ ಅದನ್ನೂ ಆಯ್ಕೆಯಾಗಿ ಉಳಿಸಿತು. ಘಟಕವು ಐಚ್ಛಿಕವೂ ಆಗಿದ್ದು ನಿಲ್ ಅನುಮತಿಯುಳ್ಳದೂ ಆಗಿದ್ದರೆ ಕವಚದ ಮೇಲೆ ಮತ್ತೊಂದು ಕವಚವನ್ನು ಹೊದಿಸಿತು: ಹೊರಕವಚವೇ ಇಲ್ಲದಿದ್ದರೆ ಘಟಕವಿಲ್ಲ, ಹೊರಕವಚವಿದ್ದು ಒಳಗೆ ಬರಿದಾಗಿದ್ದರೆ ನಿಲ್, ಒಳಗೂ ತುಂಬಿದ್ದರೆ ಮೌಲ್ಯ. ತತ್ತ್ವದೃಷ್ಟಿಯಿಂದ ಇದು ನಿರ್ದುಷ್ಟ. ಆದರೆ ಎರಡು ಬಾಗಿಲು ತೆರೆದು ಒಂದು ಸಂಖ್ಯೆಯನ್ನು ತೆಗೆಯುವ ಕಷ್ಟವನ್ನು ಬಳಕೆದಾರರು ಸಹಿಸಲಿಲ್ಲ. ಹೊರಕವಚವನ್ನು ತೆಗೆದುಹಾಕುವ ಆಯ್ಕೆಯೂ ಅದೇ ಪದ್ಧತಿಯಲ್ಲಿದೆ; ಅದನ್ನು ಬಳಸಿದವರು ಕಷ್ಟದೊಡನೆ ಭೇದವನ್ನೂ ಕಳೆದುಕೊಂಡರು.

ಉಳಿದ ಭಾಷೆಗಳನ್ನು ಕುರಿತು ಸಂಕ್ಷೇಪವಾಗಿ ಹೇಳಿದರೆ ಸಾಕು. ಸಿ ಪ್ಲಸ್ ಪ್ಲಸ್ ಭಾಷೆಯ ಜಿಸೋಪ್ ಉಪಕರಣವು ಐಚ್ಛಿಕವನ್ನು ಸೂಚಿಯಾಗಿಸಿತು. ಆ ಭಾಷೆಗೆ ಐಚ್ಛಿಕದ ಮಾನಕಪ್ರಕಾರ ದೊರೆತುದು 2017ರಲ್ಲಿ. ಸ್ಕಾಲಾ ಭಾಷೆಯ ಸ್ಕಾಲಾಎಕ್ಸ್‌ಬಿ ಎರಡೂ ಗುಣಗಳುಳ್ಳ ಘಟಕಕ್ಕೆ ಐಚ್ಛಿಕದೊಳಗೊಂದು ಐಚ್ಛಿಕವನ್ನು ನಿಸ್ಸಂಕೋಚವಾಗಿ ಬರೆಯುತ್ತದೆ. ಜಾವಾಕ್ಕೂ 2014ರಲ್ಲಿ ‘ಆಪ್ಷನಲ್’ ಎಂಬ ಪ್ರಕಾರ ಬಂದಿತು. ಅದನ್ನು ಮುಖ್ಯವಾಗಿ ವಿಧಾನಗಳು ಹಿಂದಿರುಗಿಸುವ ಫಲಕ್ಕೆಂದು ರೂಪಿಸಿದುದರಿಂದ ಸ್ಕೀಮಾಜನ್ಯ ವರ್ಗಗಳ ನಡತೆ ಅದರಿಂದ ಬದಲಾಗಲಿಲ್ಲ.

ಇದು ಎಕ್ಸ್.ಎಂ.ಎಲ್. ಒಂದರ ಶಾಪವಲ್ಲವೆಂಬುದಕ್ಕೆ ಗೂಗಲ್ ಸಂಸ್ಥೆಯ ಪ್ರೋಟೊಕಾಲ್ ಬಫರ್ಸ್ ಎಂಬ ಪದ್ಧತಿಯೇ ಸಾಕ್ಷಿ. 2008ರಲ್ಲಿ ಬಹಿರಂಗವಾದ ರೂಪದಲ್ಲಿ ಪ್ರತಿಯೊಂದು ಐಚ್ಛಿಕ ಅಂಶಕ್ಕೂ ‘ಇದೆಯೇ’ ಎಂದು ಕೇಳುವ ವಿಧಾನವಿತ್ತು. 2016ರ ಮೂರನೆಯ ರೂಪದಲ್ಲಿ ಸರಳತೆಗಾಗಿ ಸಾಮಾನ್ಯ ಸಂಖ್ಯೆಗಳಿಂದ ಅದನ್ನು ತೆಗೆದುಹಾಕಿದರು. ಕಳುಹಿಸದುದೂ ಸೊನ್ನೆಯೂ ಒಂದಾದುವು. 2020ರಲ್ಲಿ ಪ್ರಾಯೋಗಿಕವಾಗಿ, 2021ರಲ್ಲಿ ಪೂರ್ಣವಾಗಿ, ‘ಆಪ್ಷನಲ್’ ಎಂಬ ಹಳೆಯ ಪದವೇ ಮರಳಿ ಬಂದಿತು. ಬೇರೆಯವರ ಅನುಭವವನ್ನು ಓದಿದ್ದರೆ ಈ ಸುತ್ತು ತಪ್ಪುತ್ತಿತ್ತೆಂದು ತೋರುತ್ತದೆ.

ಇಲ್ಲಿಯವರೆಗೆ ಜನಕೋಪಕರಣಗಳ ಮೇಲೆ ಹೊರಿಸಿದ ದೋಷದಲ್ಲಿ ಸ್ಕೀಮಾಕಾರರ ಪಾಲನ್ನೂ ತೆಗೆದಿಡಬೇಕು. ಘಟಕವನ್ನು ಬಿಡಬಹುದೆಂದು ಸ್ಕೀಮಾ ಹೇಳುತ್ತದೆ. ಬಿಟ್ಟರೆ ಏನರ್ಥವೆಂದು ಹೇಳುವುದಿಲ್ಲ. ಬರೆಯದ ಅರ್ಥವನ್ನು ಯಾವ ಉಪಕರಣವೂ ಹುಟ್ಟಿಸಲಾರದು. ಇದನ್ನು ಮೊದಲು ಗಂಭೀರವಾಗಿ ಎದುರಿಸಿದವರಲ್ಲಿ ವೈದ್ಯಕೀಯ ಮಾಹಿತಿಯವರು ಪ್ರಮುಖರು. ಪಾಲ್ ಬೈರನ್ ಅವರು ಸ್ಕೀಮಾ ಸಮಿತಿಯಲ್ಲಿ ಪ್ರತಿನಿಧಿಸಿದ ಹೆಲ್ತ್ ಲೆವೆಲ್ ಸೆವೆನ್ ಎಂಬ ಮಾನಕಸಂಸ್ಥೆಯು, 2005ರಲ್ಲಿ ಅಂಗೀಕೃತವಾದ ತನ್ನ ರೋಗಿದಾಖಲೆಯ ಸ್ಕೀಮಾದಲ್ಲಿ, ನಿಲ್ ಎಂಬ ಸಿದ್ಧ ಸಾಧನವನ್ನು ಬಿಟ್ಟು ‘ನಲ್‌ಫ್ಲೇವರ್’ ಎಂಬ ತನ್ನದೇ ಗುಣವನ್ನು ಇರಿಸಿತು. ಕೇಳಲಿಲ್ಲ, ಕೇಳಿದೆವು, ರೋಗಿಗೆ ತಿಳಿಯದು, ಅನ್ವಯಿಸುವುದಿಲ್ಲ, ಗೋಪ್ಯವಾಗಿ ಮರೆಮಾಡಿದೆ, ಸದ್ಯಕ್ಕೆ ಲಭ್ಯವಿಲ್ಲ: ಹೀಗೆ ಅಭಾವದ ಒಂದೊಂದು ಕಾರಣಕ್ಕೂ ಒಂದೊಂದು ಸಂಕೇತ. ರೋಗಿಗೆ ಯಾವ ಔಷಧ ಒಗ್ಗದೆಂಬ ಮನೆ ಬರಿದಾಗಿದ್ದರೆ, ಯಾರೂ ಕೇಳಲಿಲ್ಲವೆಂಬುದಕ್ಕೂ ಕೇಳಿದರೂ ತಿಳಿಯಲಿಲ್ಲವೆಂಬುದಕ್ಕೂ ಇರುವ ಅಂತರ ವೈದ್ಯನ ಮುಂದಿನ ಹೆಜ್ಜೆಯನ್ನೇ ಬದಲಿಸುತ್ತದೆ. ಇದಕ್ಕೆ ಹೋಲಿಸಿದರೆ, ಭಾರತದಲ್ಲಿ ಕೆಲವು ವರ್ಗದ ಕಂಪನಿಗಳು 2011ರಿಂದ ತಮ್ಮ ವಾರ್ಷಿಕ ಲೆಕ್ಕಪತ್ರಗಳನ್ನು ಸಲ್ಲಿಸುತ್ತ ಬಂದಿರುವ ಎಕ್ಸ್.ಬಿ.ಆರ್.ಎಲ್. ಪದ್ಧತಿ ನಿಲ್ ಗುರುತನ್ನೇ ನೆಚ್ಚಿಕೊಂಡಿದೆ. ಬಾಬು ಇದೆ, ಮೌಲ್ಯವಿಲ್ಲ ಎಂಬುದಷ್ಟನ್ನೇ ಅದು ಹೇಳಬಲ್ಲುದು.

ಅಂಕಪಟ್ಟಿಗೂ ಇಂಥ ಸ್ಕೀಮಾವನ್ನು ರಚಿಸಲು 2001ರ ಮಾನಕದಲ್ಲಿಯೇ ಅವಕಾಶವಿದೆ. ಅಂಕವನ್ನು ಐಚ್ಛಿಕವೆಂದು ಬಿಡದೆ, ‘ಅಂಕ ಅಥವಾ ಅಂಕವಿಲ್ಲದಿರಲು ಕಾರಣ, ಇವೆರಡರಲ್ಲಿ ಒಂದು ಇರಲೇಬೇಕು’ ಎಂದು ವಿಕಲ್ಪವಾಗಿ ವಿಧಿಸಬಹುದು. ಆಗ ಬರಿದಾದ ಮನೆಯೆಂಬುದೇ ಇರುವುದಿಲ್ಲ. ನಮಗೆ ತಿಳಿದಮಟ್ಟಿಗೆ ಇದಕ್ಕಿಂತ ಪ್ರಾಮಾಣಿಕವಾದ ರೂಪ ಬೇರಿಲ್ಲ. ಆದರೆ ಈ ವಿಕಲ್ಪವು ಜನಕೋಪಕರಣಗಳ ಕೈಯಲ್ಲಿ ಏನಾಗುತ್ತದೆಂಬುದನ್ನೂ ನೋಡಬೇಕು. ಡಾಟ್‌ನೆಟ್ಟಿನ ಉಪಕರಣವು ಎರಡನ್ನೂ ಸೇರಿಸಿ, ಯಾವ ವಸ್ತುವನ್ನಾದರೂ ಹಿಡಿಯಬಲ್ಲ ‘ಐಟಂ’ ಎಂಬ ಒಂದೇ ಚರವನ್ನು ಕೊಡುತ್ತದೆ; ಅದರೊಳಗಿರುವುದು ಅಂಕವೋ ಕಾರಣವೋ ಎಂದು ಕ್ರಮವಿಧಿಕಾರನೇ ಪರೀಕ್ಷಿಸಿಕೊಳ್ಳಬೇಕು. ಜೆ.ಎ.ಎಕ್ಸ್.ಬಿ. ಎರಡು ಪ್ರತ್ಯೇಕ ಚರಗಳನ್ನು ಕೊಡುತ್ತದೆ. ಎರಡೂ ನಲ್ ಆಗಿರಬಹುದು, ಎರಡೂ ತುಂಬಿರಬಹುದು, ಭಾಷೆ ಬೇಡವೆನ್ನುವುದಿಲ್ಲ. ಸ್ಕೀಮಾದ 1.1ನೆಯ ಆವೃತ್ತಿ 2012ರ ಏಪ್ರಿಲ್‌ನಲ್ಲಿ ಪ್ರಕಟವಾಗಿ, ಇಂಥ ಪರಸ್ಪರ ನಿಬಂಧನೆಗಳನ್ನು ಇನ್ನೂ ಸ್ಪಷ್ಟವಾಗಿ ಬರೆಯುವ ಸೌಕರ್ಯವನ್ನು ಒದಗಿಸಿತು. ಡಾಟ್‌ನೆಟ್ಟಿನ ಸ್ಕೀಮಾವಾಚಕವು ಮಾತ್ರ 1.0 ಆವೃತ್ತಿಯಲ್ಲಿಯೇ ನಿಂತಿದೆ.